ಮುಖಕ್ಕೆಂದೇ ಮಿದುಳಿನಲ್ಲೊಂದು ಜಾಗ

ಹದಿನಾರನೇ ಶತಮಾನದ ಇಟಲಿಯ ಚಿತ್ರಕಾರ ಜೂಸೆಪ್ಪೆ ಆರ್ಚಿಂಬೋಲ್ಡೊ ಹಣ್ಣು, ತರಕಾರಿ, ಹೂವುಗಳನ್ನು ಒತ್ತೊತ್ತಾಗಿ ಜೋಡಿಸಿ ಮನುಷ್ಯರ ಮುಖ ಬರೆಯುತ್ತಿದ್ದ. ಒಂದು ಗಳಿಗೆ ಅದು ತುಂಬಿದ ಬುಟ್ಟಿ, ಮರುಗಳಿಗೆ ನಮ್ಮನ್ನೇ ನೋಡುತ್ತಿರುವ ಒಬ್ಬ ಮನುಷ್ಯ. ಎರಡರ ನಡುವೆ ನಮ್ಮ ನೋಟ ಓಡಾಡುತ್ತಲೇ ಇರುತ್ತದೆ. ಆ ಚಿತ್ರಗಳ ಸೊಗಸೆಲ್ಲ ಇರುವುದು ಈ ಓಡಾಟದಲ್ಲೇ.

ಅದೇ ಚಿತ್ರಗಳನ್ನು ಕೆನಡಾದ ಒಬ್ಬ ವ್ಯಕ್ತಿಗೆ ತೋರಿಸಿದರು. ಆತ ಮುಖವನ್ನು ತಟ್ಟನೆ ಕಂಡ. ಆದರೆ ಆ ಮುಖ ಹಣ್ಣು ತರಕಾರಿಗಳಿಂದ ಆಗಿದೆ ಎಂಬುದು ಆತನ ನೋಟಕ್ಕೆ ಸಿಗಲಿಲ್ಲ. ವಿಜ್ಞಾನದ ಬರಹಗಳಲ್ಲಿ ಆತನ ಹೆಸರು ಬರೀ ಸಿ.ಕೆ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಆತನಿಗೆ ಕಣ್ಣೆದುರಿನ ವಸ್ತು ಏನೆಂದು ನೋಡಿ ಹೇಳುವುದು ಕಷ್ಟವಾಗಿತ್ತು. ಕಣ್ಣಿನಲ್ಲಿ ದೋಷವಿರಲಿಲ್ಲ, ಬುದ್ಧಿಯೂ ಚುರುಕಾಗಿಯೇ ಇತ್ತು. ಓದುವುದೂ ಆತನಿಗೆ ಕಷ್ಟವಾಗಿತ್ತು. ಆದರೆ ಮುಖಗಳ ವಿಷಯಕ್ಕೆ ಬಂದರೆ ಆತ ನಮ್ಮ ನಿಮ್ಮಂತೆಯೇ. ಮಾರಿಸ್ ಮಾಸ್ಕೊವಿಚ್, ಗೋರ್ಡನ್ ವಿನೊಕರ್, ಮಾರ್ಲೀನ್ ಬೆಹ್ರ್‌ಮನ್ ಎಂಬ ಮೂವರು ಸಂಶೋಧಕರು ಈತನೊಬ್ಬನ ಮೇಲೆಯೇ 19 ಪ್ರಯೋಗಗಳನ್ನು ನಡೆಸಿ 1997ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದು ಸಂಗತಿಯನ್ನು ಈಗಲೇ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಮುಖದ ಚಿತ್ರವನ್ನು ತಲೆಕೆಳಗಾಗಿ ಹಿಡಿದರೆ ಸಿ.ಕೆ. ಸೋತುಹೋಗುತ್ತಿದ್ದ. ನಮಗೂ ಅದು ಕಷ್ಟವೇ, ಆದರೆ ಆತ ಸೋಲುತ್ತಿದ್ದಷ್ಟು ನಾವು ಸೋಲುವುದಿಲ್ಲ.

ಇದಕ್ಕೆ ಸರಿಯಾಗಿ ಉಲ್ಟಾ ಇರುವ ಜನರೂ ಇದ್ದಾರೆ. ಎರಡನೇ ಮಹಾಯುದ್ಧದಲ್ಲಿ ತಲೆಗೆ ಗಾಯವಾದವರನ್ನು ಪರೀಕ್ಷಿಸುತ್ತಿದ್ದ ಜರ್ಮನಿಯ ನರವೈದ್ಯ ಜೋಕಿಮ್ ಬೊಡಾಮರ್, 1947ರಲ್ಲಿ ಒಂದು ವಿಚಿತ್ರ ಸ್ಥಿತಿಯನ್ನು ವಿವರಿಸಿದರು. ವಸ್ತುಗಳನ್ನು ಗುರುತಿಸಬಲ್ಲ, ಆದರೆ ಮನೆಯವರ ಮುಖ ಗುರುತು ಹತ್ತದ ರೋಗಿಗಳು. ಕನ್ನಡಿಯಲ್ಲಿ ಕಾಣುವ ತನ್ನದೇ ಮುಖವೂ ಯಾರದೋ ಅನ್ನಿಸುವಷ್ಟು. ಈ ಸ್ಥಿತಿಗೆ ಅವರು ಗ್ರೀಕ್ ಪದಗಳನ್ನು ಕೂಡಿಸಿ ಪ್ರೊಸೊಪಗ್ನೋಸಿಯಾ ಎಂದು ಹೆಸರಿಟ್ಟರು. ಬಣ್ಣಗುರುಡು ಎನ್ನುವ ಹಾಗೆ ನಾವಿದನ್ನು ಮುಖಗುರುಡು ಎನ್ನಬಹುದು.

ಈ ಎರಡು ಬಗೆಯ ರೋಗಿಗಳು ಒಟ್ಟಿಗೆ ಸಿಕ್ಕಿದ್ದು ಯಾಕೆ ಅಷ್ಟು ಮುಖ್ಯ? ಮುಖಗುರುಡು ಒಂದೇ ಇದ್ದಿದ್ದರೆ, ‘ಮುಖ ಗುರುತಿಸುವುದು ಕಷ್ಟದ ಕೆಲಸ, ಮಿದುಳಿಗೆ ಪೆಟ್ಟು ಬಿದ್ದಾಗ ಕಷ್ಟದ ಕೆಲಸ ಮೊದಲು ಕೈಕೊಡುತ್ತದೆ’ ಎಂದು ಹೇಳಿ ಮುಗಿಸಬಹುದಿತ್ತು. ಒಂದು ಮನೆಯಲ್ಲಿ ದೀಪ ಹೋದರೂ ಫ್ಯಾನು ತಿರುಗುತ್ತಿದೆ ಎಂದರೆ ಕರೆಂಟು ಸ್ವಲ್ಪ ಕಮ್ಮಿಯಾಗಿರಬಹುದು. ಆದರೆ ಪಕ್ಕದ ಮನೆಯಲ್ಲಿ ಫ್ಯಾನು ನಿಂತು ದೀಪ ಉರಿಯುತ್ತಿದ್ದರೆ? ಆಗ ಎರಡಕ್ಕೂ ಬೇರೆ ಬೇರೆ ವೈರು ಎಳೆದಿದ್ದಾರೆ ಎಂದೇ ಅರ್ಥ. ಸಿ.ಕೆ. ಆ ಪಕ್ಕದ ಮನೆ.

ಮುಖಗುರುಡು ಎಂಬುದು ಗಾಯದಿಂದಲೇ ಬರಬೇಕೆಂದಿಲ್ಲ. ಮಿದುಳಿಗೆ ಏನೂ ಆಗದೆಯೂ ಹುಟ್ಟಿನಿಂದಲೇ ಹೀಗಿರುವವರು ನೂರಕ್ಕೆ ಎರಡರಷ್ಟು ಇರಬಹುದು ಎಂಬ ಅಂದಾಜಿದೆ. ಇವರಲ್ಲಿ ಎಷ್ಟೋ ಮಂದಿಗೆ ತಮಗೆ ಹೀಗೊಂದು ತೊಂದರೆ ಇದೆ ಎಂಬುದೇ ವರ್ಷಗಟ್ಟಲೆ ತಿಳಿದಿರುವುದಿಲ್ಲ. ದನಿ, ನಡಿಗೆ, ಕೂದಲು, ಕನ್ನಡಕ ನೋಡಿ ಹೇಗೋ ನಿಭಾಯಿಸುತ್ತಿರುತ್ತಾರೆ. ನಿನ್ನೆ ಗಂಟೆಗಟ್ಟಲೆ ಮಾತಾಡಿದವರು ಇಂದು ಕೂದಲು ಕತ್ತರಿಸಿಕೊಂಡು ಎದುರಾದರೆ ಗುರುತು ಸಿಗದೆ ಮುಂದೆ ಹೋಗುತ್ತಾರೆ, ‘ಏನು ಜಂಬ!’ ಎಂಬ ಮಾತು ಬೆನ್ನಿಗೆ ಬೀಳುತ್ತದೆ. ಈ ಸಂಶೋಧನೆಯಿಂದ ಇಂಥವರಿಗೆ ಔಷಧಿ ಸಿಕ್ಕಿಲ್ಲ ನಿಜ. ಆದರೆ ತಮ್ಮದು ಸೊಕ್ಕೂ ಅಲ್ಲ, ಮರೆವೂ ಅಲ್ಲ, ಮಿದುಳಿನ ಒಂದು ನಿರ್ದಿಷ್ಟ ಕೆಲಸದಲ್ಲಿನ ಕೊರತೆ ಎಂದು ತೋರಿಸಿಕೊಡುವ ಆಧಾರ ಸಿಕ್ಕಿದೆ. ನನ್ನ ಮಟ್ಟಿಗೆ ಅದು ಸಣ್ಣ ಲಾಭವಲ್ಲ.

ಆ ಆಧಾರವನ್ನು ಕಟ್ಟಿದವರಲ್ಲಿ ಮೊದಲು ಹೇಳಬೇಕಾದ ಹೆಸರು ನ್ಯಾನ್ಸಿ ಕ್ಯಾನ್‌ವಿಶರ್. ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕಿ. ಅದೇ ಸಂಸ್ಥೆಯಲ್ಲಿ ಓದಿ, 1986ರಲ್ಲಿ ಪಿಎಚ್‌.ಡಿ. ಪಡೆದವರು.

ಅವರ ಕೆಲಸಕ್ಕೆ ಹೋಗುವ ಮುನ್ನ ಕಣ್ಣಿನಿಂದ ಮಿದುಳಿಗೆ ಹೋಗುವ ದಾರಿಯನ್ನು ಒಮ್ಮೆ ನೋಡಿಬಿಡೋಣ. ಕಣ್ಣಿನ ಹಿಂಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ಬೆಳಕನ್ನು ಹಿಡಿಯುವ ಕೋಶಗಳು ಹತ್ತು ಕೋಟಿಗೂ ಹೆಚ್ಚು. ಅಲ್ಲಿಂದ ಹೊರಡುವ ನರದ ಎಳೆಗಳು ಸುಮಾರು ಹತ್ತು ಲಕ್ಷ ಮಾತ್ರ. ಹಾಗಾಗಿ ಕಣ್ಣು ಮಿದುಳಿಗೆ ಕಳಿಸುವುದು ಪೂರ್ತಿ ಫೋಟೊ ಅಲ್ಲ, ಆರಿಸಿ ಅಡಕ ಮಾಡಿದ ಸುದ್ದಿ. ಆ ಸುದ್ದಿ ತಲೆಯ ಹಿಂಭಾಗದಲ್ಲಿರುವ ದೃಷ್ಟಿ ಪ್ರದೇಶಕ್ಕೆ ತಲುಪುತ್ತದೆ. ಅಲ್ಲಿನ ನರಕೋಶಗಳು ಗೆರೆ, ಅಂಚು, ಓರೆಗಳಿಗೆ ಸ್ಪಂದಿಸುತ್ತವೆ ಎಂದು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ತೋರಿಸಿದರು. ಅದಕ್ಕೆ 1981ರಲ್ಲಿ ನೊಬೆಲ್ ಬಂತು. ಅಲ್ಲಿಂದ ಮುಂದೆ ಸುದ್ದಿ ಕಿವಿಗಳ ಕಡೆಗೆ, ಮಿದುಳಿನ ತಳದ ಗುಂಟ ಹರಿಯುತ್ತದೆ. ಹರಿಯುತ್ತಾ ಹೋದಂತೆ ಗೆರೆ ಆಕಾರವಾಗುತ್ತದೆ, ಆಕಾರ ವಸ್ತುವಾಗುತ್ತದೆ.

ಹಾಗಾದರೆ ಆ ತಳದಲ್ಲಿ ಏನಿದೆ? ಮಂಗಗಳ ಮಿದುಳನ್ನು ಪರೀಕ್ಷಿಸುತ್ತಿದ್ದ ಚಾರ್ಲ್ಸ್ ಗ್ರಾಸ್ ಅವರಿಗೆ 1960ರ ದಶಕದ ಕೊನೆಯಲ್ಲಿ ಒಂದು ನರಕೋಶ ಸಿಕ್ಕಿತು. ಪರದೆಯ ಮೇಲೆ ಯಾವ ಗೆರೆ, ಯಾವ ಬೆಳಕಿನ ಚುಕ್ಕೆ ತೋರಿಸಿದರೂ ಅದು ಮಿಸುಕಲಿಲ್ಲ. ಸಾಕಾಗಿ ಪರದೆಯ ಮುಂದೆ ಕೈಯಾಡಿಸಿದಾಗ ಅದು ಜೋರಾಗಿ ಮಿಡಿಯಿತು. ಆಮೇಲೆ ಕಾಗದ ಕತ್ತರಿಸಿ ನಾನಾ ಆಕಾರ ಮಾಡಿ ತೋರಿಸುತ್ತಾ ಹೋದರು. ಮಂಗದ ಕೈಗೆ ಹೋಲುವ ಆಕಾರ ಬಂದಷ್ಟೂ ಮಿಡಿತ ಹೆಚ್ಚು. ಮುಂದೆ ಅದೇ ತಂಡಕ್ಕೆ ಮುಖಕ್ಕೆ ಮಿಡಿಯುವ ಕೋಶಗಳೂ ಸಿಕ್ಕವು. ಆದರೆ ಮಂಗದಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಸಿಕ್ಕಿದ್ದರಿಂದ ಮನುಷ್ಯರ ಮಿದುಳಿನಲ್ಲಿ ಮುಖಕ್ಕೆಂದೇ ಒಂದು ಜಾಗ ಇದೆ ಎಂದು ಹೇಳಲಾಗುತ್ತಿರಲಿಲ್ಲ. ಆರೋಗ್ಯವಂತ ಮನುಷ್ಯರ ತಲೆಬುರುಡೆ ತೆರೆದು ನೋಡುವ ಹಾಗೂ ಇರಲಿಲ್ಲ.

ಆ ಬೀಗ ತೆಗೆದದ್ದು ಎಂಆರ್‌ಐ ಯಂತ್ರದ ಹೊಸ ಬಳಕೆ. ಮಿದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚಾಗಿ ಹರಿಯುತ್ತದೆ. ಆಮ್ಲಜನಕ ಹೊತ್ತ ರಕ್ತಕ್ಕೂ ಬಿಟ್ಟುಕೊಟ್ಟ ರಕ್ತಕ್ಕೂ ಕಾಂತೀಯ ಗುಣದಲ್ಲಿ ಚೂರು ವ್ಯತ್ಯಾಸವಿದೆ. 1990ರಲ್ಲಿ ಸೇಜಿ ಒಗಾವಾ ಈ ವ್ಯತ್ಯಾಸವನ್ನೇ ಹಿಡಿದು ಮಿದುಳಿನ ದುಡಿಮೆಯನ್ನು ಹೊರಗಿನಿಂದ ನೋಡಬಹುದು ಎಂದು ತೋರಿಸಿದರು. ಇದಕ್ಕೆ ಎಫ್‌ಎಂಆರ್‌ಐ ಎಂದು ಹೆಸರು. ಇದರ ಮಿತಿಯನ್ನೂ ಹೇಳಬೇಕು. ಯಂತ್ರ ಅಳೆಯುವುದು ನರಕೋಶದ ಮಿಡಿತವನ್ನಲ್ಲ, ಅದರ ಹಿಂದೆ ಬರುವ ರಕ್ತವನ್ನು. ಆ ರಕ್ತ ಐದಾರು ಸೆಕೆಂಡು ತಡವಾಗಿ ಬರುತ್ತದೆ. ಚಿತ್ರದ ಒಂದೊಂದು ಚುಕ್ಕೆಯಲ್ಲೂ ಲಕ್ಷಾಂತರ ನರಕೋಶಗಳು ಅಡಗಿರುತ್ತವೆ. ಎತ್ತರದಿಂದ ಊರನ್ನು ನೋಡಿ ಯಾವ ಕೇರಿಯಲ್ಲಿ ದೀಪ ಹೊತ್ತಿದೆ ಎಂದು ಹೇಳಬಹುದು. ಯಾವ ಮನೆಯಲ್ಲಿ ಯಾರು ಏನು ಓದುತ್ತಿದ್ದಾರೆ ಎಂದು ಹೇಳಲಾಗದು.

1990ರ ದಶಕದ ನಡುವೆ, ಆಗ ಹಾರ್ವರ್ಡ್‌ನಲ್ಲಿದ್ದ ಕ್ಯಾನ್‌ವಿಶರ್ ಅವರಿಗೆ ಬೋಸ್ಟನ್ನಿನ ಚಾರ್ಲ್ಸ್‌ಟೌನ್‌ನಲ್ಲಿದ್ದ ಇಂಥ ಒಂದು ಯಂತ್ರ ಬಳಸಲು ಸಿಕ್ಕಿತು. ಜೋಶ್ ಮೆಕ್‌ಡರ್ಮಟ್ ಮತ್ತು ಮಾರ್ವಿನ್ ಚುನ್ ಜೊತೆಗಿದ್ದರು. ಸ್ವಯಂಸೇವಕರನ್ನು ಯಂತ್ರದೊಳಗೆ ಮಲಗಿಸಿ, ಒಂದಷ್ಟು ಹೊತ್ತು ಮುಖಗಳ ಫೋಟೊ, ಮತ್ತೊಂದಷ್ಟು ಹೊತ್ತು ದಿನಬಳಕೆಯ ವಸ್ತುಗಳ ಫೋಟೊ ತೋರಿಸಿದರು. 15 ಮಂದಿಯಲ್ಲಿ 12 ಮಂದಿಯ ಮಿದುಳಿನ ತಳದಲ್ಲಿ ಒಂದು ಪುಟ್ಟ ಜಾಗ ವಸ್ತುಗಳಿಗಿಂತ ಮುಖಗಳಿಗೆ ಎದ್ದು ಕಾಣುವಷ್ಟು ಹೆಚ್ಚು ಸ್ಪಂದಿಸಿತು. ಸಾಮಾನ್ಯವಾಗಿ ಬಲಭಾಗದಲ್ಲಿ, ಕಿವಿಯಿಂದ ತುಸು ಹಿಂದಕ್ಕೆ, ಫ್ಯೂಸಿಫಾರ್ಮ್ ಎಂಬ ಮಡಿಕೆಯಲ್ಲಿ. ಅದನ್ನು ಫ್ಯೂಸಿಫಾರ್ಮ್ ಫೇಸ್ ಏರಿಯಾ, ಚಿಕ್ಕದಾಗಿ ಎಫ್‌ಎಫ್‌ಎ, ಎಂದು ಕರೆದರು. ಇಲ್ಲಿ ನಾನು ಮುಖದ ಜಾಗ ಎಂದೇ ಬರೆಯುತ್ತೇನೆ.

ಈ ಕಥೆಯನ್ನು ಹೇಳುವಾಗ ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಒಂದು ಜಾಗ ಮುಖ ತೋರಿಸಿದಾಗ ಹೊತ್ತಿಕೊಂಡಿತು ಎಂದ ಮಾತ್ರಕ್ಕೆ ಅದು ಮುಖದ ಜಾಗವಾಗಿಬಿಡುತ್ತದೆಯೇ? ತಕರಾರುಗಳನ್ನು ಎಣಿಸುತ್ತಾ ಹೋಗಿ. ಮುಖದ ಫೋಟೊದಲ್ಲಿ ಬೆಳಕು ನೆರಳಿನ ಹಂಚಿಕೆಯೇ ಬೇರೆ ಇರಬಹುದು, ಆ ಜಾಗ ಅದಕ್ಕಷ್ಟೇ ಸ್ಪಂದಿಸಿರಬಹುದು. ಮನುಷ್ಯ ದೇಹದ ಯಾವ ಭಾಗ ಕಂಡರೂ ಅದು ಹೀಗೇ ಮಾಡಬಹುದು. ಎಲ್ಲಕ್ಕಿಂತ ಗಟ್ಟಿ ತಕರಾರೆಂದರೆ ಗಮನದ್ದು: ನಾವು ಕುರ್ಚಿಗಿಂತ ಮುಖವನ್ನು ಆಸಕ್ತಿಯಿಂದ ನೋಡುತ್ತೇವೆ, ಹೊತ್ತಿಕೊಂಡದ್ದು ಆ ಆಸಕ್ತಿ ಇರಬಹುದು.

ಈ ಫಲಿತಾಂಶವನ್ನು ಪ್ರಕಟಿಸಿದ 1997ರ ಪ್ರಬಂಧದಲ್ಲೇ ಕ್ಯಾನ್‌ವಿಶರ್ ತಂಡ ಇವಕ್ಕೆಲ್ಲ ಉತ್ತರ ಹುಡುಕಿದೆ. ಕಪ್ಪು ಬಿಳುಪು ಎರಡೇ ಬಣ್ಣಕ್ಕೆ ಇಳಿಸಿದ ಮುಖವನ್ನೂ, ಅದೇ ಮುಖದ ತುಂಡುಗಳನ್ನು ಅಸ್ತವ್ಯಸ್ತವಾಗಿ ಜೋಡಿಸಿದ ಚಿತ್ರವನ್ನೂ ತೋರಿಸಿದರು. ಕಪ್ಪು ಎಷ್ಟಿತ್ತೋ ಅಷ್ಟೇ, ಬಿಳುಪು ಎಷ್ಟಿತ್ತೋ ಅಷ್ಟೇ. ಮುಖ ಮಾತ್ರ ಇಲ್ಲ. ಸ್ಪಂದನೆ ಇಳಿಯಿತು. ಮುಖಗಳ ಎದುರಿಗೆ ಮನೆಗಳ ಫೋಟೊ ಇಟ್ಟರು, ಆಗಲೂ ಮುಖವೇ ಗೆದ್ದಿತು. ಕೊನೆಗೆ ಕೂದಲು ಕಾಣದಂತೆ ಮುಚ್ಚಿ, ಮುಖವನ್ನು ಓರೆಯಾಗಿ ತಿರುಗಿಸಿ ತೆಗೆದ ಫೋಟೊಗಳನ್ನು ಒಂದು ಕಡೆ, ಮನುಷ್ಯರ ಕೈಗಳ ಫೋಟೊಗಳನ್ನು ಇನ್ನೊಂದು ಕಡೆ ಇಟ್ಟರು. ನೋಡುವವರಿಗೆ ಒಂದು ಕೆಲಸವನ್ನೂ ಕೊಟ್ಟರು: ಈಗ ಬಂದ ಚಿತ್ರ ಹಿಂದಿನದ್ದೇ ಆಗಿದ್ದರೆ ಗುಂಡಿ ಒತ್ತಿ. ಒಂದು ಕೈಯನ್ನು ಇನ್ನೊಂದು ಕೈಯಿಂದ ಬೇರೆ ಮಾಡಿ ಗುರುತಿಸಬೇಕಾದರೆ ಕಣ್ಣು ನೆಟ್ಟು ನೋಡಲೇಬೇಕು. ಗಮನ ಎರಡೂ ಕಡೆ ಬಿಗಿಯಾಗಿಯೇ ಇತ್ತು. ಹಾಗಿದ್ದೂ ಆ ಪುಟ್ಟ ಜಾಗ ಮುಖದ ಕಡೆಗೇ ವಾಲಿತು.

ಅವರು ಪಾಲಿಸಿದ ಇನ್ನೊಂದು ಶಿಸ್ತಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಈ ಕ್ಷೇತ್ರಕ್ಕೆ ಅವರು ಕೊಟ್ಟದ್ದರಲ್ಲಿ ಅದೇ ದೊಡ್ಡದು ಎಂಬುದು ನನ್ನ ಭಾವನೆ. ಇಬ್ಬರ ಕೈರೇಖೆ ಹೇಗೆ ಒಂದೇ ಆಗಿರುವುದಿಲ್ಲವೋ ಹಾಗೆ ಇಬ್ಬರ ಮಿದುಳಿನ ಮಡಿಕೆಗಳೂ ಒಂದೇ ಆಗಿರುವುದಿಲ್ಲ. ಮುಖದ ಜಾಗ ಒಬ್ಬರಲ್ಲಿ ತುಸು ಮುಂದೆ, ಒಬ್ಬರಲ್ಲಿ ತುಸು ಹಿಂದೆ. ಹಲವರ ಮಿದುಳಿನ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ, ಹತ್ತು ಜನರ ಫೋಟೊ ಬೆರೆಸಿದಾಗ ಯಾರದೂ ಅಲ್ಲದ ಮಸುಕು ಮುಖವೊಂದು ಬರುವಂತೆ, ಆ ಜಾಗವೇ ಕಲಸಿಹೋಗುತ್ತದೆ. ಹಾಗಾಗಿ ಕ್ಯಾನ್‌ವಿಶರ್ ತಂಡ ಪ್ರತಿಯೊಬ್ಬರಲ್ಲೂ ಮೊದಲೊಂದು ಸಣ್ಣ ಪರೀಕ್ಷೆ ಮಾಡಿ ಅವರವರ ಮುಖದ ಜಾಗ ಎಲ್ಲಿದೆ ಎಂದು ಗೆರೆ ಎಳೆದುಕೊಂಡಿತು. ಆಮೇಲೆ ಹೊಸದಾಗಿ ಪಡೆದ ದತ್ತಾಂಶದಲ್ಲಿ, ಆ ಗೆರೆಯ ಒಳಗೆ ಮಾತ್ರ, ಅಸಲು ಪ್ರಶ್ನೆಯನ್ನು ಕೇಳಿತು. ಜಾಗ ಹುಡುಕಲು ಬಳಸಿದ ಅಳತೆಯನ್ನೇ ಪುರಾವೆಯಾಗಿ ತೋರಿಸುವಂತಿಲ್ಲ. ಬಾಣ ಬಿಟ್ಟ ಮೇಲೆ ಅದು ನೆಟ್ಟಲ್ಲೇ ಗುರಿಯ ವೃತ್ತ ಬರೆಯುವುದನ್ನು ತಡೆಯುವ ಕಟ್ಟುಪಾಡು ಇದು. ಲಕ್ಷಗಟ್ಟಲೆ ಅಂಕಿಗಳನ್ನು ಸುರಿಯುವ ಯಂತ್ರದ ಮುಂದೆ ಕೂತವರಿಗೆ ಅಂಥ ವೃತ್ತ ಬರೆಯುವ ಆಸೆ ಸುಲಭವಾಗಿ ಹುಟ್ಟುತ್ತದೆ.

ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಅದರ ಮರುವರ್ಷದ್ದು. 1998ರಲ್ಲಿ ಫ್ರಾಂಕ್ ಟಾಂಗ್, ಕೆನ್ ನಾಕಾಯಾಮಾ ಮತ್ತಿತರರ ಜೊತೆ ಕ್ಯಾನ್‌ವಿಶರ್ ನಡೆಸಿದ್ದು. ಅದಕ್ಕೆ ಸ್ವಲ್ಪ ಮೊದಲಷ್ಟೇ ಅವರು ರಸೆಲ್ ಎಪ್‌ಸ್ಟೈನ್ ಜೊತೆಗೂಡಿ, ಮನೆ, ಕೋಣೆ, ಬಯಲಿನಂಥ ಸ್ಥಳಗಳಿಗೆ ಸ್ಪಂದಿಸುವ ಇನ್ನೊಂದು ಜಾಗವನ್ನೂ ಮಿದುಳಿನಲ್ಲಿ ಗುರುತಿಸಿದ್ದರು. ಈಗ ಕೈಯಲ್ಲಿ ಎರಡು ಗುರುತುಗಂಬಗಳು: ಒಂದು ಮುಖಕ್ಕೆ, ಒಂದು ಮನೆಗೆ. ನೋಡುಗರಿಗೆ ಒಂದು ಕಣ್ಣಿಗೆ ಕೆಂಪು ಗಾಜು, ಇನ್ನೊಂದಕ್ಕೆ ಹಸಿರು ಗಾಜು ಇರುವ ಕನ್ನಡಕ ಹಾಕಿದರು. ಪರದೆಯ ಮೇಲೆ ಒಂದು ಬಣ್ಣದಲ್ಲಿ ಮುಖ, ಅದರ ಮೇಲೆಯೇ ಇನ್ನೊಂದು ಬಣ್ಣದಲ್ಲಿ ಮನೆ. ಹೀಗಾಗಿ ಒಂದು ಕಣ್ಣಿಗೆ ಬರೀ ಮುಖ, ಇನ್ನೊಂದು ಕಣ್ಣಿಗೆ ಬರೀ ಮನೆ.

ಇಂಥ ಹೊತ್ತಿನಲ್ಲಿ ನಮಗೆ ಏನು ಕಾಣಬೇಕು? ಎರಡೂ ಬೆರೆತು ಕಲಸುಮೇಲೋಗರವಾಗಿ ಕಾಣಬೇಕು ಅನ್ನಿಸುತ್ತದೆ. ಆದರೆ ಹಾಗಾಗುವುದಿಲ್ಲ. ಕೆಲವು ಸೆಕೆಂಡು ಮುಖವೊಂದೇ ಕಾಣುತ್ತದೆ. ನೋಡುತ್ತಿದ್ದಂತೆ ಅದು ಕರಗಿ ಮನೆಯೊಂದೇ ಉಳಿಯುತ್ತದೆ. ಮತ್ತೆ ಮುಖ. ಪರದೆಯಲ್ಲಿ ಒಂದು ಚುಕ್ಕೆಯೂ ಅಲುಗಿಲ್ಲ, ಕಣ್ಣಿಗೆ ಬೀಳುವ ಬೆಳಕೂ ಅದೇ. ಬದಲಾಗುತ್ತಿರುವುದು ಕಾಣುವಿಕೆ ಮಾತ್ರ. ನೋಟ ಬದಲಾದಾಗಲೆಲ್ಲ ನೋಡುಗರು ಗುಂಡಿ ಒತ್ತಿ ತಿಳಿಸಿದರು. ಗುಂಡಿಯ ಲೆಕ್ಕವನ್ನೂ ಮಿದುಳಿನ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ‘ಮುಖ ಕಂಡಿತು’ ಎಂದಾಗ ಮುಖದ ಜಾಗ ಏರಿ ಮನೆಯ ಜಾಗ ಇಳಿದಿತ್ತು. ‘ಮನೆ ಕಂಡಿತು’ ಎಂದಾಗ ಅದರ ತಿರುವು ಮುರುವು. ಪರದೆಯ ಮೇಲೆ ನಿಜಕ್ಕೂ ಮುಖ ತೆಗೆದು ಮನೆ ಇಟ್ಟಾಗ ಆಗುವ ಏರಿಳಿತದಷ್ಟೇ ದೊಡ್ಡ ಏರಿಳಿತ. ಹಾಗಾದರೆ ಆ ಜಾಗಗಳು ಹೇಳುತ್ತಿರುವುದು ಕಣ್ಣಿಗೆ ಏನು ಬಿತ್ತು ಎಂಬುದನ್ನಲ್ಲ, ಮನಸ್ಸಿಗೆ ಏನು ಕಂಡಿತು ಎಂಬುದನ್ನು. ‘ನೋಡಿದೆ, ಆದರೆ ಕಾಣಲಿಲ್ಲ’ ಎಂದು ನಾವು ದಿನಾ ಹೇಳುತ್ತೇವಲ್ಲ, ಆ ಎರಡು ಕ್ರಿಯಾಪದಗಳ ನಡುವಿನ ಅಂತರ ಇಲ್ಲಿ ಅಳತೆಗೆ ಸಿಕ್ಕಿತ್ತು. ಕ್ಯಾಥ್ಲೀನ್ ಓ’ಕ್ರೇವನ್ ಜೊತೆಗಿನ 2000ದ ಇನ್ನೊಂದು ಪ್ರಯೋಗದಲ್ಲಿ, ಎದುರಿಗೆ ಚಿತ್ರವೇ ಇಲ್ಲದೆ ಮುಖವೊಂದನ್ನು ಮನಸ್ಸಿಗೆ ತಂದುಕೊಂಡರೂ ಮುಖದ ಜಾಗ ಎಚ್ಚರಗೊಂಡಿತು, ಎದುರಿಗೆ ಚಿತ್ರವಿದ್ದಾಗಿನಷ್ಟು ಜೋರಾಗಿ ಅಲ್ಲದಿದ್ದರೂ.

ಈಗ ತಲೆಕೆಳಗಾದ ಮುಖದ ವಿಷಯಕ್ಕೆ ಬರೋಣ. ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಫೋಟೊವನ್ನು ಫೋನಿನಲ್ಲಿ ತೆರೆದು ಫೋನನ್ನೇ ತಿರುಗಿಸಿ ಹಿಡಿಯಿರಿ. ಗುರುತು ಹತ್ತುತ್ತದೆ, ಆದರೆ ಆ ಮುಖದಲ್ಲಿರುವ ಬೇಸರವೋ ನಗುವೋ ಸರಿಯಾಗಿ ಕೈಗೆ ಸಿಗುವುದಿಲ್ಲ. ಬೇರೆ ವಸ್ತುಗಳನ್ನು ತಿರುಗಿಸಿದಾಗಲೂ ಕಷ್ಟವಾಗುತ್ತದೆ, ಆದರೆ ಮುಖಕ್ಕೆ ಆಗುವಷ್ಟಲ್ಲ ಎಂದು 1969ರಲ್ಲಿ ರಾಬರ್ಟ್ ಯಿನ್ ತೋರಿಸಿದ್ದರು. 1980ರಲ್ಲಿ ಬ್ರಿಟನ್ನಿನ ಪೀಟರ್ ಥಾಂಪ್ಸನ್, ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಫೋಟೊದಲ್ಲಿ ಕಣ್ಣು ಮತ್ತು ಬಾಯನ್ನಷ್ಟೇ ಕತ್ತರಿಸಿ ತಲೆಕೆಳಗು ಮಾಡಿ ಅಂಟಿಸಿದರು. ಇಡೀ ಫೋಟೊವನ್ನು ತಲೆಕೆಳಗಾಗಿ ಹಿಡಿದರೆ ಅಂಥದ್ದೇನೂ ತಪ್ಪು ಕಾಣುವುದಿಲ್ಲ. ನೇರ ಮಾಡಿದರೆ ಬೆಚ್ಚಿಬೀಳುವಷ್ಟು ವಿಕಾರ. ನಾವು ಮುಖವನ್ನು ಕಣ್ಣು, ಮೂಗು, ಬಾಯಿ ಎಂದು ಬಿಡಿಬಿಡಿಯಾಗಿ ಓದುವುದಿಲ್ಲ; ಅವುಗಳ ನಡುವಿನ ಅಂತರ, ಹೊಂದಾಣಿಕೆ ಎಲ್ಲವನ್ನೂ ಸೇರಿಸಿ ಒಟ್ಟಾಗಿ ಓದುತ್ತೇವೆ. ಆ ಓದು ನೇರ ನಿಂತ ಮುಖಕ್ಕೆ ಮಾತ್ರ ಒಗ್ಗಿದೆ. ಮುಖ ತಲೆಕೆಳಗಾದರೆ ಬಿಡಿಭಾಗಗಳನ್ನು ಒಂದೊಂದಾಗಿ ನೋಡುವ, ವಸ್ತುಗಳನ್ನು ಗುರುತಿಸುವ ಸಾಮಾನ್ಯ ದಾರಿಯ ಸಹಾಯ ಬೇಕಾಗುತ್ತದೆ. ಸಿ.ಕೆ.ಯ ಮಿದುಳಿನಲ್ಲಿ ಹಾಳಾಗಿದ್ದುದು ಆ ದಾರಿಯೇ. ಹಾಗಾಗಿಯೇ ಆತ ಅಷ್ಟು ಕೆಟ್ಟದಾಗಿ ಸೋತದ್ದು.

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿದೇ ಇತ್ತು. ಮುಖ ಕಂಡಾಗ ಆ ಜಾಗ ದುಡಿಯುತ್ತದೆ, ಸರಿ. ಆದರೆ ಆ ಜಾಗ ದುಡಿಯುವುದರಿಂದಲೇ ಮುಖ ಕಾಣುತ್ತದೆಯೇ? ಗಾಡಿ ಓಡುವಾಗ ಸದ್ದು ಬರುತ್ತದೆ. ಸದ್ದಿನಿಂದ ಗಾಡಿ ಓಡುವುದಿಲ್ಲ. ಕಾರಣ ತಿಳಿಯಬೇಕಾದರೆ ಆ ಜಾಗವನ್ನೇ ಮುಟ್ಟಿ ನೋಡಬೇಕು. ಸಂಶೋಧನೆಗೆಂದೇ ಯಾರ ಮಿದುಳನ್ನೂ ಹಾಗೆ ಮುಟ್ಟುವಂತಿಲ್ಲ. ಆದರೆ ಔಷಧಿಗೆ ಬಗ್ಗದ ಮೂರ್ಛೆರೋಗ ಇರುವವರಿಗೆ, ಮೂರ್ಛೆ ಹುಟ್ಟುವ ಜಾಗ ಹುಡುಕಲು ವೈದ್ಯರು ಕೆಲವು ದಿನ ಮಿದುಳಿನ ಮೇಲೆ ವಿದ್ಯುದ್ವಾರಗಳನ್ನು ಇಡುತ್ತಾರೆ. 2012ರಲ್ಲಿ ಸ್ಟಾನ್‌ಫರ್ಡ್‌ನ ಜೋಸೆಫ್ ಪರ್ವಿಜಿ ಮತ್ತು ಸಹೋದ್ಯೋಗಿಗಳು ವರದಿ ಮಾಡಿದ ರೋಗಿಯೊಬ್ಬರಲ್ಲಿ ಹಾಗಿಟ್ಟ ವಿದ್ಯುದ್ವಾರಗಳು ಮುಖದ ಜಾಗದ ಮೇಲೆಯೇ ಕೂತಿದ್ದವು. ಅಲ್ಲಿಗೆ ಸಣ್ಣ ವಿದ್ಯುತ್ ಹರಿಸಿದ ಕೂಡಲೇ ಎದುರಿಗೆ ನಿಂತಿದ್ದ ವೈದ್ಯರ ಮುಖ ಬೇರೆ ಯಾರದೋ ಆಗಿ ಮಾರ್ಪಟ್ಟಿತು ಎಂದರು ರೋಗಿ. ಮೂಗು ಜೋತು ಒಂದು ಕಡೆಗೆ ಸರಿದ ಹಾಗೆ. ವಿದ್ಯುತ್ ನಿಲ್ಲಿಸಿದರೆ ಮುಖ ಮೊದಲಿನಂತೆ. ವೈದ್ಯರ ಬಟ್ಟೆಯಲ್ಲಾಗಲಿ ದೇಹದಲ್ಲಾಗಲಿ ಏನೂ ಬದಲಾಗಿರಲಿಲ್ಲ.

2017ರಲ್ಲಿ ಕ್ಯಾನ್‌ವಿಶರ್ ಕೂಡ ಇದ್ದ ಒಂದು ತಂಡ ಜಪಾನಿನ ರೋಗಿಯೊಬ್ಬರ ಬಗ್ಗೆ ಬರೆಯಿತು. ಅವರು ನೋಡುತ್ತಿದ್ದುದು ಒಂದು ಪೆಟ್ಟಿಗೆ, ಒಂದು ಚೆಂಡು, ಒಂದು ಲಿಪಿಯ ಅಕ್ಷರ. ಮುಖದ ಜಾಗಕ್ಕೆ ವಿದ್ಯುತ್ ಕೊಟ್ಟಾಗ ಆ ಪೆಟ್ಟಿಗೆಯ ಮೇಲೂ ಚೆಂಡಿನ ಮೇಲೂ ಕಣ್ಣು ಬಾಯಿ ಮೂಡಿದವು. ಬಣ್ಣಕ್ಕೆ ಸ್ಪಂದಿಸುವ ಬೇರೊಂದು ತಾಣಕ್ಕೆ ಕೊಟ್ಟಾಗ ಮುಖವಿಲ್ಲ, ಕಾಮನಬಿಲ್ಲಿನ ಬಣ್ಣ. ಎದುರಿಗಿಲ್ಲದ ಮುಖವೊಂದು ಆ ಪುಟ್ಟ ಜಾಗದ ಮಿಡಿತದಿಂದಲೇ ಹುಟ್ಟಿಕೊಂಡಿತ್ತು. ಮೋಡದಲ್ಲಿ, ಗೋಡೆಯ ಕಲೆಯಲ್ಲಿ ನಮಗೆ ಮುಖ ಕಾಣುವುದಕ್ಕೂ ಇದಕ್ಕೂ ನಂಟಿದೆ ಎಂದು ಊಹಿಸುವುದು ತಪ್ಪಾಗಲಾರದು.

ಇತ್ತ ಮಂಗಗಳಲ್ಲೂ ಕೆಲಸ ಮುಂದುವರಿದಿತ್ತು. ಡೋರಿಸ್ ತ್ಸಾವ್ ಮತ್ತು ವಿನ್‌ರಿಕ್ ಫ್ರೈವಾಲ್ಡ್ ಮೊದಲು ಎಫ್‌ಎಂಆರ್‌ಐ ಮಾಡಿ ಮಂಗದ ಮಿದುಳಿನಲ್ಲಿ ಮುಖದ ಜಾಗ ಹುಡುಕಿದರು, ಆಮೇಲೆ ಅಲ್ಲಿಗೇ ಸೂಜಿಯಂಥ ವಿದ್ಯುದ್ವಾರ ಇಳಿಸಿ ಒಂದೊಂದೇ ಕೋಶದ ಮಿಡಿತ ಕೇಳಿದರು. 2006ರ ಅವರ ವರದಿಯ ಪ್ರಕಾರ ಅಲ್ಲಿ ನೋಟಕ್ಕೆ ಸ್ಪಂದಿಸುವ ಕೋಶಗಳಲ್ಲಿ 97 ಶೇಕಡಾ ಮುಖವನ್ನೇ ಆರಿಸಿಕೊಳ್ಳುತ್ತಿದ್ದವು. ರಕ್ತದ ಹರಿವಿನಲ್ಲಿ ಮಸುಕಾಗಿ ಕಂಡದ್ದು ಕೋಶದ ಮಟ್ಟದಲ್ಲೂ ನಿಜವಾಗಿತ್ತು. 2024ರಲ್ಲಿ ಕ್ಯಾನ್‌ವಿಶರ್, ತ್ಸಾವ್, ಫ್ರೈವಾಲ್ಡ್ ಮೂವರಿಗೂ ಸೇರಿ ನರವಿಜ್ಞಾನದ ಕಾವ್ಲಿ ಪ್ರಶಸ್ತಿ ಬಂತು.

ಹಾಗಾದರೆ ಮಿದುಳಿನಲ್ಲಿ ಎಲ್ಲದಕ್ಕೂ ಒಂದೊಂದು ಖಾನೆ ಇದೆಯೇ? ಕುರ್ಚಿಗೊಂದು, ಕಾರಿಗೊಂದು? ಪೌಲ್ ಡೌನಿಂಗ್ ಜೊತೆ ಕ್ಯಾನ್‌ವಿಶರ್ ಈ ಪ್ರಶ್ನೆಯನ್ನೂ ನೇರವಾಗಿ ಕೇಳಿದ್ದಾರೆ. 2006ರಲ್ಲಿ 20 ಬಗೆಯ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಅವರಿಗೆ ಸಿಕ್ಕದ್ದು ಮೊದಲೇ ಗೊತ್ತಿದ್ದ ಮೂರೇ ಬಗೆಯ ಜಾಗಗಳು: ಮುಖಕ್ಕೆ, ದೇಹಕ್ಕೆ, ಸ್ಥಳಕ್ಕೆ. ಇಲ್ಲ ಎಂಬ ಉತ್ತರವನ್ನೂ ಅಷ್ಟೇ ಜತನದಿಂದ ಪ್ರಕಟಿಸಿದ್ದು ನನಗೆ ಮೆಚ್ಚುಗೆಯಾಗುತ್ತದೆ. ಮುಂದೆ 2022ರಲ್ಲಿ ಮೀನಾಕ್ಷಿ ಖೋಸ್ಲಾ ಮತ್ತು ಅಪೂರ್ವ ರತನ್ ಮೂರ್ತಿ ಜೊತೆ ದಿನನಿತ್ಯದ ದೃಶ್ಯಗಳ ಸಾವಿರಾರು ಚಿತ್ರಗಳ ದತ್ತಾಂಶವನ್ನು ಜಾಲಾಡಿದಾಗ, ಯಾರೂ ನಿರೀಕ್ಷಿಸಿರದ ಇನ್ನೊಂದು ಸಿಕ್ಕಿತು: ಆಹಾರದ ಚಿತ್ರಗಳಿಗೆ ಸ್ಪಂದಿಸುವ ನರಕೋಶಗಳ ಗುಂಪು.

ಈ ವಿಚಾರವನ್ನು ಒಪ್ಪದವರೂ ಇದ್ದಾರೆ, ಅವರ ವಾದ ಹಗುರವಾದದ್ದಲ್ಲ. ಇಸಬೆಲ್ ಗೊಥಿಯೆ ಮತ್ತು ಸಂಗಡಿಗರು ಹೇಳುವುದು, ಅದು ಮುಖದ ಜಾಗವಲ್ಲ, ಪರಿಣತಿಯ ಜಾಗ ಎಂದು. ನಾವೆಲ್ಲರೂ ಮುಖ ಗುರುತಿಸುವುದರಲ್ಲಿ ಪಳಗಿದವರು, ಆದ್ದರಿಂದ ಅದು ಮುಖಕ್ಕೆ ಸ್ಪಂದಿಸುತ್ತದೆ. ಹಕ್ಕಿ ವೀಕ್ಷಣೆಯಲ್ಲಿ ಪಳಗಿದವರಲ್ಲಿ ಹಕ್ಕಿಗೂ, ಕಾರುಗಳನ್ನು ಅರೆದು ಕುಡಿದವರಲ್ಲಿ ಕಾರಿಗೂ ಅಲ್ಲಿ ಸ್ಪಂದನೆ ಹೆಚ್ಚುತ್ತದೆ ಎಂದು 2000ದಲ್ಲಿ ತೋರಿಸಿದರು. ಜಿಮ್ ಹ್ಯಾಕ್ಸ್‌ಬಿ 2001ರಲ್ಲಿ ಇನ್ನೊಂದು ದಿಕ್ಕಿನಿಂದ ಬಂದರು: ಒಂದು ಜಾಗದ ಏರಿಳಿತ ನೋಡಬೇಡಿ, ಇಡೀ ಪ್ರದೇಶದಲ್ಲಿ ಸ್ಪಂದನೆ ಹರಡಿರುವ ವಿನ್ಯಾಸ ನೋಡಿ, ಮುಖದ ಸುದ್ದಿ ಮುಖದ ಜಾಗದ ಹೊರಗೂ ಇದೆ ಎಂದು. ಹ್ಯಾಕ್ಸ್‌ಬಿ ಹೇಳಿದ್ದು ನಿಜವೇ. ಆದರೆ ಸುದ್ದಿ ಒಂದು ಕಡೆ ಇದೆ ಎಂಬುದಕ್ಕೂ ಮಿದುಳು ಅದನ್ನು ಬಳಸುತ್ತದೆ ಎಂಬುದಕ್ಕೂ ವ್ಯತ್ಯಾಸವಿದೆ. ಪೆಟ್ಟಿಗೆಯ ಮೇಲೆ ಮುಖ ಮೂಡಿಸಿದ ಆ ವಿದ್ಯುತ್ ಪ್ರಯೋಗಗಳನ್ನು ನೋಡಿದ ಮೇಲೆ ತಕ್ಕಡಿ ಕ್ಯಾನ್‌ವಿಶರ್ ಕಡೆಗೆ ವಾಲಿದೆ ಎಂದೇ ನನಗೆ ಕಾಣುತ್ತದೆ.

ಇನ್ನು ಉಳಿದದ್ದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಈ ಜಾಗ ಹುಟ್ಟಿನಿಂದಲೇ ಬಂದದ್ದೋ, ಕಲಿತು ಆದದ್ದೋ? ಕಲಿಕೆಯಿಂದಲೂ ಇಂಥ ಜಾಗ ಆಗಬಲ್ಲದು ಎಂಬುದಕ್ಕೆ ಅಕ್ಷರವೇ ಸಾಕ್ಷಿ. ಓದು ಬಲ್ಲವರ ಮಿದುಳಿನ ಎಡಭಾಗದ ತಳದಲ್ಲಿ ಬರೆದ ಪದಗಳಿಗೆ ಸ್ಪಂದಿಸುವ ಜಾಗವೊಂದಿದೆ ಎಂದು 2000ದಲ್ಲಿ ಲೊರಾಂ ಕೊಹೆನ್, ಸ್ಟಾನಿಸ್ಲಾಸ್ ದೆಹಾನ್ ತೋರಿಸಿದರು. ಬರವಣಿಗೆ ಹುಟ್ಟಿ ಕೆಲವು ಸಾವಿರ ವರ್ಷ ಆಯಿತಷ್ಟೆ. ವಿಕಾಸಕ್ಕೆ ಅಷ್ಟು ಕಾಲ ಸಾಲದು, ಆದ್ದರಿಂದ ಅದು ಓದಿ ಓದಿ ಆದ ಜಾಗವೇ. ಮುಖಕ್ಕೂ ಹೀಗೇ ಇರಬಹುದೇ? 2017ರಲ್ಲಿ ಮಾರ್ಗರೆಟ್ ಲಿವಿಂಗ್‌ಸ್ಟನ್ ತಂಡದ ವರದಿ ಹೌದು ಎನ್ನುವಂತಿತ್ತು. ಹುಟ್ಟಿದಾಗಿನಿಂದ ಯಾವ ಮುಖವನ್ನೂ ಕಾಣದಂತೆ, ಸಾಕುವವರು ವೆಲ್ಡಿಂಗ್ ಮುಖವಾಡ ಹಾಕಿಕೊಂಡೇ ಬೆಳೆಸಿದ ಮಂಗಗಳಲ್ಲಿ ಕೈಗೆ ಸ್ಪಂದಿಸುವ ಜಾಗ ಎಂದಿನಂತೆ ಬೆಳೆದಿತ್ತು. ಮುಖದ ಜಾಗ ಬೆಳೆದಿರಲಿಲ್ಲ. ಅವು ಮುಖ ನೋಡುವ ಬದಲು ಕೈಗಳನ್ನೇ ನೋಡುತ್ತಿದ್ದವು. ಆದರೆ 2022ರಲ್ಲಿ ಹೆದರ್ ಕೊಸಕೋವ್‌ಸ್ಕಿ, ರೆಬೆಕಾ ಸ್ಯಾಕ್ಸ್ ಮತ್ತು ಕ್ಯಾನ್‌ವಿಶರ್ ಅವರು ಎರಡರಿಂದ ಒಂಬತ್ತು ತಿಂಗಳ ಮಕ್ಕಳನ್ನು ಸ್ಕ್ಯಾನ್ ಮಾಡಿದಾಗ, ಅಷ್ಟು ಎಳೆಯ ಮಿದುಳಿನಲ್ಲೂ ಮುಖದ ಜಾಗ ಮುಖವನ್ನು ಆರಿಸಿಕೊಳ್ಳುತ್ತಿತ್ತು. ಎರಡು ತಿಂಗಳಲ್ಲಿ ಕಲಿಯಲಾಗದು ಎಂದು ಹೇಳಲು ಬರುವುದಿಲ್ಲ, ಎಚ್ಚರವಿರುವಷ್ಟು ಹೊತ್ತೂ ಮಗುವಿನ ಮೇಲೆ ಯಾರಾದರೊಬ್ಬರ ಮುಖ ಬಾಗಿರುತ್ತದೆ.

ಹೀಗೆ ಎರಡೂ ಕಡೆಗೆ ಎಳೆದಾಡುವ ಪ್ರಶ್ನೆಗೆ ರತನ್ ಮೂರ್ತಿ, ಕ್ಯಾನ್‌ವಿಶರ್ ಮತ್ತು ಜೊತೆಗಾರರು ಮಕ್ಕಳ ಆ ಸ್ಕ್ಯಾನ್‌ಗೂ ಮೊದಲೇ, 2020ರಲ್ಲಿ, ಒಂದು ಅನಿರೀಕ್ಷಿತ ತಿರುವು ಕೊಟ್ಟಿದ್ದರು. ಅವರು ಕರೆದದ್ದು ಹುಟ್ಟಿನಿಂದ ಕಣ್ಣು ಕಾಣದವರನ್ನು. ಬದುಕಿನಲ್ಲಿ ಒಂದು ಮುಖವನ್ನೂ ನೋಡದವರು. ತ್ರೀಡಿ ಪ್ರಿಂಟರಿನಲ್ಲಿ ಮುಖ, ಕೈ, ಕುರ್ಚಿ ಮತ್ತು ಸಿಕ್ಕುದಾರಿಗಳ ಪುಟ್ಟ ಮಾದರಿಗಳನ್ನು ಮಾಡಿ, ಸ್ಕ್ಯಾನರಿನೊಳಗೆ ಮಲಗಿದ್ದವರ ಬೆರಳಿಗೆ ಒಂದೊಂದಾಗಿ ಕೊಟ್ಟರು. ಬೆರಳುಗಳು ಹಣೆಯಿಂದ ಮೂಗಿಗೆ, ಮೂಗಿನಿಂದ ತುಟಿಗೆ ಇಳಿದವು. ಮುಖದ ಮಾದರಿ ಬೆರಳಿಗೆ ಬಂದಾಗ ಅವರ ಮಿದುಳಿನ ಅದೇ ಮಡಿಕೆ, ಕಣ್ಣಿರುವವರಲ್ಲಿ ಮುಖ ನೋಡಿದಾಗ ಸ್ಪಂದಿಸುವ ಅದೇ ತಾಣದಲ್ಲಿ, ಉಳಿದ ಮಾದರಿಗಳಿಗಿಂತ ಹೆಚ್ಚು ಸ್ಪಂದಿಸಿತು. ಕಣ್ಣಿನ ದಾರಿ ಹುಟ್ಟಿನಿಂದಲೇ ಮುಚ್ಚಿದ್ದರೂ ಸುದ್ದಿ ಬೆರಳಿನ ದಾರಿಯಿಂದ ಬಂದು ಅಲ್ಲಿಗೇ ತಲುಪಿತ್ತು. ಆ ತಾಣ ಮಿದುಳಿನ ಬೇರೆ ಭಾಗಗಳ ಜೊತೆ ಯಾವ ಯಾವ ಎಳೆಗಳಿಂದ ಜೋಡಿಕೊಂಡಿದೆ ಎಂಬುದೇ ಅದರ ಕೆಲಸವನ್ನು ಮೊದಲೇ ಗೊತ್ತುಮಾಡುತ್ತದೆಯೇ ಎಂದು ಅವರು ಈಗ ಕೇಳುತ್ತಿದ್ದಾರೆ. ಅಕ್ಷರದ ಜಾಗದ ಬಗ್ಗೆ ಅದಕ್ಕೊಂದು ಸುಳಿವೂ ಇದೆ: ಜೈನೆಪ್ ಸೈಗಿನ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದಂತೆ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳ ಮಿದುಳಿನ ಎಳೆಗಳ ಜೋಡಣೆಯನ್ನು ನೋಡಿಯೇ, ಮೂರು ವರ್ಷದ ನಂತರ ಓದು ಕಲಿತಾಗ ಅಕ್ಷರಕ್ಕೆ ಯಾವ ಜಾಗ ಮೀಸಲಾಗುತ್ತದೆ ಎಂದು ಹೇಳಬಹುದಿತ್ತು.